ಕೊನೇ ನುಡಿಯಲ್ಲಿದ್ದ ಹೆಸರು: ಕೂಡಿ ಕಟ್ಟಿದ ಹಾಡಿನ ಕಾಪಿರೈಟ್ ಯಾರದು?

ಆ ಇಬ್ಬರು ಹುಡುಗರು ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಒಂದೇ ಬೈಕಿನ ಮೇಲೆ. ಬೈಕು ಒಂದೇ ಆದರೂ ಇಬ್ಬರ ನಡುವೆ ಮಾತು ನಿಂತಿತ್ತು. ಒಬ್ಬ ಸವಣೂರ ಕಡೆಯವ, ಹಾಡು ಬರೆಯುತ್ತಾನೆ. ಇನ್ನೊಬ್ಬ ಅಣ್ಣಿಗೇರಿ ಕಡೆಯವ, ಧಾಟಿ ಹಚ್ಚಿ ಹಾಡುತ್ತಾನೆ. ಚಹಾ ಬರುವುದರೊಳಗೆ ಬರೆದವ ಮೊಬೈಲ್ ತೆಗೆದು ಎರಡು ವಿಡಿಯೋ ಹಚ್ಚಿದ. ಎರಡರಲ್ಲೂ ಅದೇ ಹಾಡು. ಮೊದಲನೆಯದರ ಕೊನೇ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಅವನ ಊರು, ಅವನ ಹೆಸರು, ಗೆಳೆಯನ ಹೆಸರು ಇದ್ದವು. ಎರಡನೆಯದನ್ನು ಬೇರೆ ಯಾರೋ ಹಾಡಿದ್ದರು. ಕೊನೇ ನುಡಿಯಲ್ಲಿ ಇವರ ಹೆಸರಿದ್ದ ಜಾಗಕ್ಕೆ ಒಂದು ಯೂಟ್ಯೂಬ್ ಚಾನೆಲ್ಲಿನ ಹೆಸರು ಬಂದು ಕೂತಿತ್ತು.

"ರೊಕ್ಕದ ಮಾತ ಆಮ್ಯಾಲಿರ್ಲಿ ಸಾಹೇಬ್ರ, ನನ್ನ ಹೆಸರ ತಗದಾರ್ರಿ" ಅಂದ.

ನಮ್ಮ ಕಡೆಯ ಜಾನಪದ ಡಿಜೆ ಹಾಡು ಕೇಳುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹಾಡು ಬರೆದವನ ಹೆಸರು ವಿಡಿಯೋದ ಕೆಳಗಿನ ಸಣ್ಣಕ್ಷರದಲ್ಲಿ ಇದ್ದರೆ ಸಾಲದು, ಹಾಡಿನ ಹೊಟ್ಟೆಯೊಳಗೇ ಇರಬೇಕು. ವಚನಕ್ಕೆ ಅಂಕಿತ ಇದ್ದಂತೆ, ಶರೀಫರ ಪದದ ತುದಿಗೆ ಶಿಶುನಾಳಾಧೀಶ ಬಂದಂತೆ. ಅಲ್ಲಿ ದೇವರ ಹೆಸರು, ಇಲ್ಲಿ ಊರಿನ ಹುಡುಗನ ಹೆಸರು, ಅಷ್ಟೇ ಫರಕು. ಜಾತ್ರೆಯಲ್ಲಿ ಡಿಜೆ ಹಚ್ಚಿದಾಗ ಡಿಸ್ಕ್ರಿಪ್ಷನ್ ಓದುವವರು ಯಾರೂ ಇರುವುದಿಲ್ಲ.

"ಹಾಡು ಯಾರದು ಅನ್ನೂದಷ್ಟ ಹೇಳಿಬಿಡ್ರಿ" ಎಂದ ಹಾಡಿದವ.

"ಯಾವ ಹಾಡು?"

"ಇದ ರೀ. ಎಷ್ಟ ಹಾಡದಾವು, ಒಂದ ಐತಿ."

"ಒಂದಲ್ಲೋ ತಮ್ಮಾ, ಐದದಾವ."

ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು, ಈ ವಕೀಲನಿಗೆ ತಲೆ ಕೆಟ್ಟಿದೆಯೇನೋ ಎನ್ನುವ ಹಾಗೆ.

ಕಾಪಿರೈಟ್ ಜಗಳಗಳಲ್ಲಿ ಮುಕ್ಕಾಲು ಪಾಲು ಗೊಂದಲ ಹುಟ್ಟುವುದು ಇಲ್ಲಿಯೇ. ಹಾಡು ಎಂದರೆ ನಮ್ಮ ಕಿವಿಗೆ ಒಂದು ವಸ್ತು. 1957ರ ಕೃತಿಸ್ವಾಮ್ಯ ಕಾಯ್ದೆಗೆ ಅದು ಬೇರೆ ಬೇರೆ ಉತಾರ (ಪಹಣಿ) ಇರುವ ಹಿಸ್ಸಾಗಳು. ಸಾಹಿತ್ಯ ಒಂದು ಹಿಸ್ಸಾ, ಅದರ ಕರ್ತೃ ಬರೆದವನು. ಧಾಟಿ ಇನ್ನೊಂದು, ಕರ್ತೃ ರಾಗ ಕಟ್ಟಿದವನು. ಕಾಯ್ದೆಯಲ್ಲಿ ಸಂಗೀತ ಕೃತಿಯ ವ್ಯಾಖ್ಯೆ ನೋಡಿದರೆ ಹಾಡುವ ಪದಗಳನ್ನು ಅದರಿಂದ ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಸ್ಟುಡಿಯೋದಲ್ಲಿ ಆದ ಧ್ವನಿಮುದ್ರಣ ಮೂರನೆಯದು, ಅದರ ಕರ್ತೃ ನಿರ್ಮಾಪಕ. ವಿಡಿಯೋ ನಾಲ್ಕನೆಯದು. ಅದು ಮೊಬೈಲಿನಲ್ಲಿ ತೆಗೆದದ್ದಾದರೂ ಕಾಯ್ದೆಯ ಕಣ್ಣಿಗೆ 'ಸಿನಿಮಾ'ನೇ, ಅದರ ಕರ್ತೃವೂ ನಿರ್ಮಾಪಕನೇ. ಐದನೆಯದು ಹಾಡಿದವನ ಕಂಠಕ್ಕೆ ಸೇರಿದ್ದು, ಪ್ರದರ್ಶಕನ ಹಕ್ಕು. ಈ ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ನಟರ ಜೊತೆಗೆ ಕಸರತ್ತಿನವರು, ಗಾರುಡಿಗರು, ಹಾವಾಡಿಗರು, ಕೊನೆಗೆ ಭಾಷಣ ಮಾಡುವವರೂ ಇದ್ದಾರೆ. ಕಾಯ್ದೆ ಬರೆದವರು ಯಾವುದೋ ಒಳ್ಳೇ ಜಾತ್ರೆ ನೋಡಿ ಬಂದಿರಬೇಕು.

ಧಾಟಿ ಕಟ್ಟಿದವನಿಗೆ ನೊಟೇಶನ್ ಬರೆಯಲು ಬರಬೇಕು ಎಂದೇನಿಲ್ಲ. ಬರೆದಿಟ್ಟರೂ ಬಿಟ್ಟರೂ ಕಟ್ಟಿದವನೇ ಕರ್ತೃ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪೇಟಿ ಮಾಸ್ತರರ ನಾಡಿಗೆ ಇದು ದೊಡ್ಡ ಮಾತು. ಆದರೆ ಧಾಟಿ ಹೊಸದಾಗಿರಬೇಕು. ಅಜ್ಜಿಯ ಕಾಲದಿಂದ ಬಂದ ಬೀಸುವ ಪದದ ಧಾಟಿಗೆ ಹೊಸ ಮಾತು ಹಾಕಿದ್ದರೆ ಆ ಧಾಟಿಗೆ ಯಾರೂ ಮಾಲೀಕರಲ್ಲ, ಹೊಸ ಮಾತಿಗೆ ಮಾತ್ರ ಮಾಲೀಕರುಂಟು.

ಶರೀಫರ ಪದಗಳ ಕತೆಯೂ ಇಷ್ಟೇ, ಸ್ವಲ್ಪ ತಿರುವು ಉಂಟು. ಶಿಶುನಾಳದ ಶರೀಫರು 1889ರಲ್ಲಿ ತೀರಿದರು, ಅವರ ಪದ ಯಾರು ಬೇಕಾದರೂ ಹಾಡಬಹುದು. ಹಾಗೆಂದು ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾದ ಧಾಟಿಯನ್ನೂ ಎತ್ತಿಕೊಳ್ಳಬಹುದು ಎಂದಲ್ಲ. ಆ ಧಾಟಿಯನ್ನು ಈಚಿನ ಸಂಗೀತಗಾರರೊಬ್ಬರು ಹೊಸದಾಗಿ ಸಂಯೋಜಿಸಿದ್ದರೆ ಅದು ಅವರದು, ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಅವರ ವಾರಸುದಾರರದು. ಊರ ಭಜನಾ ಮೇಳದವರು ತಲೆತಲಾಂತರದಿಂದ ಹಾಡಿಕೊಂಡು ಬಂದ ಧಾಟಿ ಹಿಡಿದರೆ ಯಾರ ಹಂಗೂ ಇಲ್ಲ. ಗದಗಿನ ಕುಮಾರವ್ಯಾಸನದೂ ಹಾಗೇ. ಪದ್ಯ ಊರಿಗೆಲ್ಲ ಸೇರಿದ್ದು, ಅದಕ್ಕೆ ಇವತ್ತು ಯಾರೋ ಬರೆದ ಗದ್ಯಾನುವಾದ ಬರೆದವರಿಗೆ ಸೇರಿದ್ದು.

ಬೇಂದ್ರೆಯವರ ಕವಿತೆಗೆ ರಾಗ ಹಾಕಿ ಆಲ್ಬಂ ಮಾಡುತ್ತೇವೆ ಎಂದು ಬರುವವರಿಗೆ ನಾನು ಲೆಕ್ಕ ಮಾಡಿ ತೋರಿಸುತ್ತೇನೆ. ಅವರು ತೀರಿದ್ದು 1981ರ ಅಕ್ಟೋಬರಿನಲ್ಲಿ. ಅರವತ್ತು ವರ್ಷದ ಎಣಿಕೆ ಶುರುವಾಗುವುದು ಮುಂದಿನ ಜನವರಿ 1ರಿಂದ. ಅವರು ಇರುವಾಗ ಅಚ್ಚಾದ ಕವಿತೆಗಳು 2041ರ ಡಿಸೆಂಬರ್ 31ರ ತನಕ ಕಾಪಿರೈಟಿನಲ್ಲಿರುತ್ತವೆ. ಸಾಧನಕೇರಿಯ ದಂಡೆಗೆ ಹುಟ್ಟಿ ಬೆಳೆದವರಿಗೂ ರಿಯಾಯಿತಿ ಇಲ್ಲ. ಹಿಂದೆ ಈ ಅವಧಿ 50 ವರ್ಷ ಇತ್ತು. 1941ರಲ್ಲಿ ತೀರಿದ ರವೀಂದ್ರನಾಥ ಟಾಗೋರರ ಕೃತಿಗಳು ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ 1992ರಲ್ಲಿ ಅದನ್ನು 60ಕ್ಕೆ ಏರಿಸಿದರು.

ಹುಡುಗರ ವಿಷಯಕ್ಕೆ ಬರೋಣ. ಸಾಹಿತ್ಯ ಒಬ್ಬನದು, ಧಾಟಿ ಇನ್ನೊಬ್ಬನದು. ಹಾಗಾದರೆ ಇಬ್ಬರೂ ಹಾಡಿನ ಜಂಟಿ ಕರ್ತೃಗಳೇ? ಓದಿದವರೂ ಹೌದು ಎಂದೇ ಉತ್ತರ ಕೊಡುತ್ತಾರೆ. ನಮ್ಮ ಕಾಯ್ದೆಯ ಪ್ರಕಾರ ಅಲ್ಲ. ಇಬ್ಬರು ಅಥವಾ ಹೆಚ್ಚು ಜನ ಕೂಡಿ ಮಾಡಿದ, ಮತ್ತು ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನಿಂದ ಬೇರೆ ಮಾಡಿ ತೋರಿಸಲು ಬಾರದ ಕೃತಿ ಮಾತ್ರ ಜಂಟಿ ಕೃತಿ. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದರೆ ಯಾವುದು ಜೋಳ, ಯಾವುದು ತೊಗರಿ ಎಂದು ದಾರಿಯಲ್ಲಿ ಹೋಗುವವನೂ ತೋರಿಸುತ್ತಾನೆ. ಸಾಹಿತ್ಯ ಮತ್ತು ಧಾಟಿ ಹಾಗೆ. ಜಂಟಿ ಎಂದರೆ ಕಲಸಿದ ಹಿಟ್ಟು, ನಾದಿದ ಮೇಲೆ ಯಾವ ಸೇರಿನದು ಯಾವುದು ಎಂದು ಹೇಳಲಾಗದು.

ಇದಕ್ಕೆ ನಮ್ಮ ದೇಶದಲ್ಲಿ ಎಲ್ಲರೂ ಉದಾಹರಿಸುವ ಪ್ರಕರಣ ಮೌಲಾನಾ ಅಬುಲ್ ಕಲಾಂ ಆಜಾದರ ಆತ್ಮಕಥನದ್ದು. ಆಜಾದರು ಉರ್ದುವಿನಲ್ಲಿ ಹೇಳುತ್ತ ಹೋದರು, ಹುಮಾಯೂನ್ ಕಬೀರ್ ಅದನ್ನು ಕೇಳಿ ಇಂಗ್ಲಿಷಿನಲ್ಲಿ ಬರೆದರು. ಬರೆದದ್ದನ್ನು ಆಜಾದರು ಓದಿ ತಿದ್ದಿದರು, ಕೂಡಿಸಿದರು, ಕಳೆದರು. 1958ರಲ್ಲಿ ಆಜಾದರು ತೀರಿದರು. ಸುಮಾರು ಮೂವತ್ತು ಪುಟಗಳನ್ನು ಮೂವತ್ತು ವರ್ಷ ಮೊಹರು ಮಾಡಿ ಇಡಲಾಯಿತು. ಅವನ್ನು ತೆರೆಯುವ ಹೊತ್ತಿಗೆ ಜಗಳ ದೆಹಲಿ ಹೈಕೋರ್ಟಿಗೆ ಬಂತು. ಪೆನ್ನು ಹಿಡಿದವರು ಒಬ್ಬರೇ ಆದರೂ ಇಬ್ಬರ ಬುದ್ಧಿಯೂ ಅಷ್ಟು ಹತ್ತಿರದಿಂದ ಕೂಡಿ ಕೆಲಸ ಮಾಡಿದೆ, ಆದ್ದರಿಂದ ಇಬ್ಬರೂ ಜಂಟಿ ಕರ್ತೃಗಳು ಎಂದು ಕೋರ್ಟು 1988ರಲ್ಲಿ ಹೇಳಿತು.

ಇದರ ಪಕ್ಕಕ್ಕೆ ಇಂಗ್ಲೆಂಡಿನ 1930ರ ದಶಕದ ಒಂದು ತೀರ್ಪು ಇಡಬೇಕು. ಸ್ಟೀವ್ ಡೊನಹ್ಯೂ ಎಂಬ ಹೆಸರಾಂತ ಕುದುರೆ ಜಾಕಿ ತನ್ನ ರೇಸಿನ ಅನುಭವಗಳನ್ನು ಒಬ್ಬ ಪತ್ರಕರ್ತನಿಗೆ ಹೇಳಿದ, ಪತ್ರಕರ್ತ ತನ್ನ ಮಾತಿನಲ್ಲಿ ಲೇಖನಮಾಲೆ ಬರೆದ. ಬದುಕಿದ್ದು ಜಾಕಿ, ಕುದುರೆ ಮೇಲಿಂದ ಬಿದ್ದವನೂ ಅವನೇ, ಆದರೆ ಕರ್ತೃ ಪತ್ರಕರ್ತ ಮಾತ್ರ ಎಂದಿತು ಕೋರ್ಟು. ಕತೆಯ ಸಾಮಗ್ರಿಗೆ ಕಾಪಿರೈಟ್ ಇಲ್ಲ, ಅದಕ್ಕೆ ಕೊಟ್ಟ ರೂಪಕ್ಕೆ ಇದೆ. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ, ನಾಟಕಕಾರ ಆರ್. ಜಿ. ಆನಂದ್ ತನ್ನ ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಎಂದು ಹೂಡಿದ ದಾವೆಯಲ್ಲಿ, ಇದನ್ನೇ ಇನ್ನೂ ಅಗಲವಾಗಿ ಹೇಳಿತು: ವಿಚಾರ, ವಿಷಯ, ಕಥಾವಸ್ತು ಯಾರ ಸ್ವತ್ತೂ ಅಲ್ಲ.

ಈ ಮಾತು ನನಗೆ ತಾಗಿದ್ದು ಕೋರ್ಟಿನಲ್ಲಿ ಅಲ್ಲ, ನಾಟಕದ ತಾಲೀಮಿನಲ್ಲಿ. ಬಹಳ ವರ್ಷಗಳ ಹಿಂದೆ ನಾವು ಹತ್ತು ಜನ ಹವ್ಯಾಸಿಗಳು ಕೂಡಿ ಒಂದು ನಾಟಕ ಕಟ್ಟಿದೆವು. ಬರೆದ ನಾಟಕ ಇರಲಿಲ್ಲ. ನಿರ್ದೇಶಕರು ಒಂದು ಸಂದರ್ಭ ಕೊಡುತ್ತಿದ್ದರು, ನಾವು ಅಲ್ಲೇ ಮಾತು ಹುಟ್ಟಿಸುತ್ತಿದ್ದೆವು, ಒಬ್ಬಳು ಗೆಳತಿ ಗೋಡೆಗೆ ಒರಗಿ ಕೂತು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದಳು. ಬರೀ ಬರೆದುಕೊಳ್ಳುತ್ತಿರಲಿಲ್ಲ. ನಾವು ಹದಿನೈದು ನಿಮಿಷ ಒದರಿದ್ದನ್ನು ಮರುದಿನ ಮೂರು ನಿಮಿಷಕ್ಕೆ ಇಳಿಸಿ ತಂದು ಓದುತ್ತಿದ್ದಳು. ಅಜ್ಜಿ ಸತ್ತ ಮನೆಯಲ್ಲಿ ಮಕ್ಕಳು ಪಾತ್ರೆ ಹಂಚಿಕೊಳ್ಳುವ ದೃಶ್ಯವೊಂದಿತ್ತು. ಅದರಲ್ಲಿ ಹಿತ್ತಾಳೆ ತಂಬಿಗೆಯ ಬಾಯಿ ಹಿಡಿದು ಇಬ್ಬರು ಜಗ್ಗುವ ಆಟ ನನ್ನದು, ಮಾತು ಯಾರದೋ, ಕೊನೆಗೆ ಆ ತಂಬಿಗೆ ತೂತು ಎಂದು ಗೊತ್ತಾಗುವ ತಿರುವು ಅವಳದು. ಹನ್ನೊಂದು ಪ್ರದರ್ಶನ ಆದವು. ಆಮೇಲೆ ನಿರ್ದೇಶಕರು ಬೇರೆ ಊರಿಗೆ ಹೋದರು, ಅಲ್ಲಿಯ ತಂಡಕ್ಕೆ ಅದೇ ನಾಟಕ ಆಡಿಸಿದರು. ಕರಪತ್ರದಲ್ಲಿ 'ರಚನೆ ಮತ್ತು ನಿರ್ದೇಶನ' ಎಂದು ಅವರೊಬ್ಬರ ಹೆಸರು.

ನಾವೆಲ್ಲ ಸಿಟ್ಟಾದೆವು. ನಾಟಕ ಎಲ್ಲರದು ಎಂದು ಕೂಗಾಡಿದೆವು. ಇವತ್ತು ತಣ್ಣಗೆ ಕೂತು ನೋಡಿದರೆ ನಮ್ಮಲ್ಲಿ ಬಹಳ ಮಂದಿಗೆ ಹೇಳಿಕೊಳ್ಳುವಂಥ ಹಕ್ಕು ಇರಲಿಲ್ಲ. ತಾಲೀಮಿನಲ್ಲಿ ಒಂದು ಒಳ್ಳೇ ಮಾತು ಹೇಳಿದವ, ಒಂದು ಆಟ ಸೂಚಿಸಿದವ ನಾಟಕದ ಕರ್ತೃ ಆಗುವುದಿಲ್ಲ. ಬೀಜ ಕೊಟ್ಟವನಿಗೆಲ್ಲ ಹೊಲದಲ್ಲಿ ಪಾಲಿಲ್ಲ. ನಿಜವಾದ ದಾವೆ ಇದ್ದದ್ದು ಗೋಡೆಗೆ ಒರಗಿ ಕೂತವಳಿಗೆ. ನಾಟಕಕ್ಕೆ ಬರಹದ ರೂಪ ಕೊಟ್ಟವಳು ಅವಳು, ದೃಶ್ಯದಿಂದ ದೃಶ್ಯಕ್ಕೆ ಅವಳ ಜೊತೆ ಕೂತು ತಿದ್ದಿದ ಮಟ್ಟಿಗೆ ನಿರ್ದೇಶಕರೂ ಜಂಟಿ ಇರಬಹುದು. ಆ ಸಿಟ್ಟಿನ ದಿನಗಳಲ್ಲಿ ಅವಳೊಬ್ಬಳೇ ಸುಮ್ಮನಿದ್ದಳು. ಕೂಗಾಡಿದವರೆಲ್ಲ ನಾವು, ಹಕ್ಕಿಲ್ಲದವರು.

ಜಂಟಿ ಎಂದು ಒಮ್ಮೆ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದೂ ಗೊತ್ತಿರಬೇಕು. ಒಬ್ಬ ಜಂಟಿ ಮಾಲೀಕ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡಲು ಬಾರದು ಎಂದು ಒಂದು ಸಿನಿಮಾದ ತಕರಾರಿನಲ್ಲಿ ಬಾಂಬೆ ಹೈಕೋರ್ಟು 2008ರಲ್ಲಿ ಹೇಳಿದೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಒಬ್ಬನೇ ಸಾಮಾನ್ಯ ಲೈಸೆನ್ಸ್ ಕೊಟ್ಟು, ಬಂದ ರೊಕ್ಕದಲ್ಲಿ ಇನ್ನೊಬ್ಬನ ಪಾಲು ಕೊಟ್ಟರಾಯಿತು. ಯೂಟ್ಯೂಬಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಕಾನೂನು ಕಲಿತವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಜಂಟಿ ಎಂದರೆ ಅಣ್ಣತಮ್ಮಂದಿರ ವಾಟ್ನಿ (ಪಾಲು) ಆಗದ ಹೊಲ ಇದ್ದಂತೆ, ಒಬ್ಬ ಸಹಿ ಹಾಕಲಿಲ್ಲ ಎಂದರೆ ವ್ಯವಹಾರ ನಿಂತಿತು. ಅವಧಿಯ ಲೆಕ್ಕವೂ ಬೇರೆ. ಕೊನೆಗೆ ತೀರಿದ ಕರ್ತೃವಿನ ಸಾವಿನಿಂದ 60 ವರ್ಷ ಎಣಿಸಬೇಕು.

ಚಹಾ ಆರಿತ್ತು. ಹಾಡಿದವ ಗಂಟಲು ಸರಿ ಮಾಡಿಕೊಂಡು ಇಷ್ಟು ಹೊತ್ತು ತಡೆದದ್ದನ್ನು ಹೇಳಿದ. ಚಾನೆಲ್ಲಿನವರು ಅವನಿಗೆ ಎರಡು ಸಾವಿರ ಫೋನ್‌ಪೇ ಮಾಡಿದ್ದರು.

"ರೊಕ್ಕ ಕೊಟ್ಟೇವಿ, ಹಾಡು ನಮ್ಮದು ಅಂತಾರ್ರಿ."

"ಏನರ ಬರದು ಸಹಿ ಮಾಡಿಕೊಟ್ಟೀರೇನು?"

"ಇಲ್ರಿ. ವಾಟ್ಸಾಪಿನಾಗ ಓಕೆ ಅಂತ ಹಾಕೇನಿ, ಕೈ ಮುಗಿಯೂ ಚಿತ್ರ ಹಾಕೇನಿ."

ರೊಕ್ಕ ಕೊಟ್ಟವ ಮಾಲೀಕ ಎಂಬ ನಂಬಿಕೆ ನಮ್ಮಲ್ಲಿ ಕಂಪನಿ ನಾಟಕದ ಕಾಲದಿಂದ ಬಂದದ್ದು. ಕವಿ ನಾಟಕ ಬರೆದು ಕೊಡುತ್ತಿದ್ದ, ಕಂಪನಿ ಮಾಲೀಕರು ಇಡುಗಂಟು ಕೊಡುತ್ತಿದ್ದರು, ಅಲ್ಲಿಗೆ ಲೆಕ್ಕ ಚುಕ್ತಾ. ಕಾಯ್ದೆಯ ಕಲಂ 17 ರೊಕ್ಕ ಕೊಟ್ಟವನಿಗೆ ಮಾಲೀಕತ್ವ ಕೊಡುವುದು ಕೆಲವೇ ಸಂದರ್ಭಗಳಲ್ಲಿ: ರೊಕ್ಕ ಕೊಟ್ಟು ಫೋಟೋ ತೆಗೆಸಿದರೆ, ಚಿತ್ರ ಬರೆಸಿದರೆ, ಸಿನಿಮಾ ಮಾಡಿಸಿದರೆ, ಬೇರೆ ಕರಾರು ಇಲ್ಲದಿದ್ದಾಗ ಅದು ಮಾಡಿಸಿದವರದು. (ನಿಮ್ಮ ಮದುವೆ ಫೋಟೋಗಳು ಈ ಲೆಕ್ಕದಲ್ಲಿ ನಿಮ್ಮವು. ಫೋಟೋಗ್ರಾಫರ್ ನಿಮ್ಮನ್ನು ಕೇಳದೆ ತನ್ನ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕಿಕೊಂಡಿದ್ದರೆ ತಗಾದೆ ಮಾಡುವ ಹಕ್ಕಿದೆ.) ಈ ಪಟ್ಟಿಯಲ್ಲಿ ಸಾಹಿತ್ಯ ಇಲ್ಲ, ಸಂಗೀತ ಇಲ್ಲ. ತಿಂಗಳ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಧಣಿಯದು, ಅದು ಬೇರೆ ಮಾತು. ಸ್ಟುಡಿಯೋದಲ್ಲಿ ಸಂಬಳಕ್ಕಿರುವ ಕೀಬೋರ್ಡ್ ವಾದಕನ ಟ್ರ್ಯಾಕ್ ಸ್ಟುಡಿಯೋದ್ದಾಗಬಹುದು, ಹಾಡಿಗಿಷ್ಟು ಎಂದು ರೊಕ್ಕ ತಗೊಂಡು ಬಂದು ಬಾರಿಸಿ ಹೋದವನದು ಆಗುವುದಿಲ್ಲ.

ಹಾಗೆಂದು ಚಾನೆಲ್ಲಿನವರಿಗೆ ಏನೂ ಇಲ್ಲವೆಂದಲ್ಲ. ಮೊದಲ ಹಾಡಿನ ಸ್ಟುಡಿಯೋ ಬಾಡಿಗೆ ಕೊಟ್ಟವರು, ಟ್ರ್ಯಾಕ್ ಮಾಡಿಸಿದವರು, ವಿಡಿಯೋ ತೆಗೆಸಿದವರು ಅವರು. ನಿರ್ಮಾಪಕ ಎಂದರೆ ಮುಂದೆ ನಿಂತು ಹೊಣೆ ಹೊತ್ತು ಮಾಡಿಸಿದವನು. ಆ ರೆಕಾರ್ಡಿಂಗು, ಆ ವಿಡಿಯೋ ಎರಡೂ ಅವರವೇ. ಮೈಕು ಬಾಡಿಗೆಗೆ ಕೊಟ್ಟ ಸ್ಟುಡಿಯೋದವನದಲ್ಲ, ಗೋಡೆಗೆ ತತ್ತಿಯ ಟ್ರೇ ಅಂಟಿಸಿ ಎಷ್ಟೇ ಕಷ್ಟಪಟ್ಟಿದ್ದರೂ. ಐದು ಹಿಸ್ಸಾದಲ್ಲಿ ಎರಡು ಚಾನೆಲ್ಲಿಗೆ ಹೋದವು. ಬಾಕಿ ಮೂರು ಇದೇ ಸೋಫಾದ ಮೇಲೆ ಕೂತಿದ್ದವು.

ಆ ಮೂರರಲ್ಲಿ ಯಾವುದನ್ನಾದರೂ ಅವರು ಕೊಟ್ಟುಬಿಟ್ಟಿದ್ದರೇ ಎಂಬುದಷ್ಟೇ ಉಳಿದ ಪ್ರಶ್ನೆ. ಹಕ್ಕು ಕೊಡುವುದು ಎರಡು ಬಗೆ, ರೈತಾಪಿ ಮಂದಿಗೆ ಇದು ಬೇಗ ತಿಳಿಯುತ್ತದೆ. ಒಂದು ಖರೀದಿ ಕೊಡುವುದು, ಇನ್ನೊಂದು ಲಾವಣಿ ಹಾಕುವುದು, ಅಂದರೆ ಗೇಣಿಗೆ ಕೊಡುವುದು. ಕಾಪಿರೈಟಿನಲ್ಲಿ ಖರೀದಿಗೆ ಅಸೈನ್‌ಮೆಂಟ್ ಅನ್ನುತ್ತಾರೆ, ಲಾವಣಿಗೆ ಲೈಸೆನ್ಸ್. ಖರೀದಿ ಆಗಬೇಕಾದರೆ ಬರಹ ಬೇಕು, ಕೊಡುವವನ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ರೊಕ್ಕ ಎಂದು ಅದರಲ್ಲಿ ಇರಬೇಕು. ವರ್ಷ ಬರೆಯದಿದ್ದರೆ ಐದೇ ವರ್ಷ ಎಂದು ಕಾಯ್ದೆ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಕೊಂಡವ ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಬೇರೆ ಕರಾರು ಇಲ್ಲದಿದ್ದ ಪಕ್ಷದಲ್ಲಿ, ಅದು ರದ್ದಾದಂತೆ. ಹೊಲದ ಖರೀದಿಯಲ್ಲಿ ಕೂಡ ಇಷ್ಟು ಕಾಳಜಿ ಮಾಡುವ ಕಾನೂನು ನಾನು ಕಾಣೆ. ಲಾವಣಿಗೂ ಬರಹ ಬೇಕು. ವಾಟ್ಸಾಪಿನ ಓಕೆ, ಕೈ ಮುಗಿಯುವ ಚಿತ್ರ ಇಟ್ಟುಕೊಂಡು 'ಸಂಪೂರ್ಣ ಹಕ್ಕು ನಮ್ಮದು' ಎನ್ನುವವರ ವಾದ ಕೋರ್ಟಿನಲ್ಲಿ ಬಹಳ ದೂರ ನಡೆಯದು. ಬಹಳವಾದರೆ, ಆ ಮೊದಲ ರೆಕಾರ್ಡಿಂಗನ್ನು ತಮ್ಮ ಚಾನೆಲ್ಲಿನಲ್ಲಿ ಇಟ್ಟುಕೊಳ್ಳಲು ಒಪ್ಪಿಗೆ ಇತ್ತು ಎನ್ನಬಹುದು. ಇನ್ನೊಬ್ಬರಿಂದ ಹಾಡಿಸಿ ಎರಡನೇ ರೆಕಾರ್ಡಿಂಗ್ ಮಾಡಲು ಅಲ್ಲ.

ಪೂರಾ ಮಾರಿದವರಿಗೂ ಈಗ ಒಂದು ಆಸರೆ ಇದೆ. 1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕೆಂದು ಹಾಡು ಮಾಡಿಸಿದರೆ ನಿರ್ಮಾಪಕನೇ ಅದರ ಮೊದಲ ಮಾಲೀಕ ಎಂದು ಹೇಳಿತ್ತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹಾಡುಗಾರರ ಹಕ್ಕಿನ ಬಗ್ಗೆ ಮರುಕದ ಮಾತು ಬರೆದು, ಸಂಸತ್ತು ಯೋಚಿಸಲಿ ಎಂದಿದ್ದರು. ಸಂಸತ್ತು ಯೋಚಿಸಲು ಮೂವತ್ತೈದು ವರ್ಷ ತಗೊಂಡಿತು. 2012ರ ತಿದ್ದುಪಡಿಯ ನಂತರ, ಸಿನಿಮಾದ ಹಾಡು ಥೇಟರಿನಲ್ಲಿ ಸಿನಿಮಾದ ಜೊತೆ ಬರುವುದನ್ನು ಬಿಟ್ಟು ಬೇರೆ ಯಾವುದೇ ಬಳಕೆಗೆ, ಸಾಹಿತ್ಯ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಸಮಪಾಲು ಇದೆ. ಸಿನಿಮಾಕ್ಕೆ ಸೇರದ ಹಾಡುಗಳಿಗೂ ಇದು ಅನ್ವಯಿಸುತ್ತದೆ. 'ರಾಯಲ್ಟಿ ಬೇಡ' ಎಂದು ಬರೆಸಿಕೊಂಡರೂ ಆ ಕರಾರು ಊರ್ಜಿತವಲ್ಲ. ವಸೂಲಿ ಬೇರೆ ಕತೆ. ರಾಯಲ್ಟಿ ವಸೂಲಿ ಮಾಡುವ ಸಂಘದ ಸದಸ್ಯತ್ವ, ಲೆಕ್ಕಪತ್ರ ಎಂದು ಅದಕ್ಕೆ ತಾಳ್ಮೆ ಬೇಕು, ಸವಣೂರಿನ ಹುಡುಗನಿಗೆ ಅಷ್ಟು ತಾಳ್ಮೆ ಇದ್ದಂತೆ ಕಾಣಲಿಲ್ಲ.

ಅವನಿಗೆ ಬೇಕಾದ ಉತ್ತರ ಕಲಂ 57ರಲ್ಲಿದೆ. ಹಕ್ಕು ಮಾರಿದ ಮೇಲೂ ಕರ್ತೃವಿನ ಕೈಯಲ್ಲಿ ಎರಡು ಸಂಗತಿ ಉಳಿಯುತ್ತವೆ: ಇದು ನನ್ನ ಕೃತಿ ಎಂದು ಹೇಳಿಕೊಳ್ಳುವುದು, ಮತ್ತು ತನ್ನ ಮರ್ಯಾದೆಗೆ ಕುಂದು ಬರುವಂತೆ ಅದನ್ನು ತಿರುಚಿದರೆ, ಹಾಳುಮಾಡಿದರೆ ತಡೆಯುವುದು. ದೆಹಲಿಯ ವಿಜ್ಞಾನ ಭವನದ ಗೋಡೆಗಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಭಾರೀ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರಕಾರವೇ ಕಿತ್ತು ಗೋದಾಮಿಗೆ ಹಾಕಿತ್ತು. ರೊಕ್ಕ ಕೊಟ್ಟು ಮಾಡಿಸಿದ್ದು ಸರಕಾರ, ಶಿಲ್ಪ ಸರಕಾರದ್ದು. ಆದರೂ 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪಿಯ ಪರವಾಗಿ ನಿಂತು, ಉಳಿದ ತುಂಡುಗಳನ್ನು ಅವರಿಗೆ ಮರಳಿಸಲು, ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಂಥ ಶಿಲ್ಪಕ್ಕೆ ಇರುವ ರಕ್ಷಣೆ ಕೊನೇ ನುಡಿಯ ಎರಡು ಸಾಲಿಗೂ ಇದೆ. ಹೆಸರು ಕಿತ್ತು ಬೇರೆ ಹೆಸರು ಕೂಡಿಸುವುದು ಸಾಹಿತ್ಯವನ್ನು ತಿದ್ದಿದಂತೆಯೂ ಆಯಿತು, ಕರ್ತೃತ್ವ ಅಳಿಸಿದಂತೆಯೂ ಆಯಿತು.

"ಮತ್ತ ಅವರ ನಮ್ಮ ಮ್ಯಾಲೆ ಕಾಪಿರೈಟ್ ಹೊಡದ್ರ?" ಎಂದ ಹಾಡಿದವ. ಈಗೀಗ 'ಕಾಪಿರೈಟ್ ಹೊಡೆಯುವುದು' ನಮ್ಮ ಕಡೆ ಒಂದು ಕ್ರಿಯಾಪದವೇ ಆಗಿದೆ. ಯೂಟ್ಯೂಬಿನಲ್ಲಿ ಬರುವ ಕ್ಲೇಮು, ಸ್ಟ್ರೈಕು ಎಲ್ಲ ಆ ಕಂಪನಿಯ ಒಳಗಿನ ವ್ಯವಸ್ಥೆ. ಅಲ್ಲಿ ಮೊದಲು ಹೊಡೆದವನು ಮಾಲೀಕ ಎಂದು ಯಾವ ಕೋರ್ಟೂ ಒಪ್ಪಿಕೊಂಡಿಲ್ಲ. ಅದಕ್ಕೆ ಅಲ್ಲಿಯೇ ಪ್ರತಿಹೇಳಿಕೆ ಕೊಡಬಹುದು, ಮೇಲೆ ದಾವೆ ಹೂಡುವುದಾದರೆ ಜಿಲ್ಲಾ ಕೋರ್ಟಿನಲ್ಲಿ, ಅದೂ ಹಕ್ಕು ಕೇಳುವವನು ವಾಸ ಇರುವ ಜಾಗದಲ್ಲಿಯೇ ಹೂಡಬಹುದು. ಹಾವೇರಿಯವ ಹಾವೇರಿಯಲ್ಲೇ.

ರಜಿಸ್ಟರ್ ಮಾಡಿಸದಿದ್ದರೆ ಹಕ್ಕೇ ಇಲ್ಲವೆಂದು ಹೆದರಿಸುವವರಿದ್ದಾರೆ. ಬರೆದು ಮುಗಿಸಿದ ಗಳಿಗೆಗೇ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಸಾಕ್ಷಿಗೆ ಬಲ. ಸಾಹಿತ್ಯ, ಸಂಗೀತಕ್ಕೆ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ, ಧ್ವನಿಮುದ್ರಣಕ್ಕೆ 2000, ಸಿನಿಮಾಕ್ಕೆ 5000. ಹುಡುಗರ ಬಳಿ ಅದಕ್ಕಿಂತ ಒಳ್ಳೇ ಸಾಕ್ಷಿ ಇತ್ತು. ಬರೆದವನ ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿದ ಸಾಲುಗಳ ಸಮೇತ ಇಡೀ ಹಾಡಿತ್ತು. ಹಾಡಿದವನ ಮೊಬೈಲಿನಲ್ಲಿ ತಾರೀಖಿನ ಸಮೇತ ಹನ್ನೆರಡು ವಾಯ್ಸ್ ನೋಟು. ಹಿಂದೆ ಎಮ್ಮೆ ಒದರುತ್ತಿದೆ, ಯಾರೋ ಮುದುಕಿ "ಊಟಕ್ಕ ಬಾರೋ" ಎನ್ನುತ್ತಾಳೆ, ನಡುವೆ ಧಾಟಿ ಮೂರು ಸಲ ಬದಲಾಗುತ್ತದೆ. ಅದನ್ನು ಡಿಲೀಟ್ ಮಾಡಬೇಡ ಎಂದು ಎರಡು ಸಲ ಹೇಳಿದೆ.

ಆಮೇಲೆ ಅವರಿಗೆ ಖುಷಿಯಾಗುವ ಒಂದು ಮಾತು ಹೇಳಿದೆ. ರೆಕಾರ್ಡಿಂಗಿನ ಮೇಲೆ ಚಾನೆಲ್ಲಿಗೆ ಇರುವ ಹಕ್ಕು ಆ ರೆಕಾರ್ಡಿಂಗಿನ ಮಟ್ಟಿಗಷ್ಟೇ. ಸಾಹಿತ್ಯ, ಧಾಟಿ ನಿಮ್ಮವೇ ಇರುವಾಗ ನೀವು ಬೇರೆ ಸ್ಟುಡಿಯೋಕ್ಕೆ ಹೋಗಿ ಮತ್ತೆ ಹಾಡಲು ಅವರ ಅಪ್ಪಣೆ ಬೇಡ. ಆದರೆ ಅವರು ಮಾಡಿಸಿದ ಟ್ರ್ಯಾಕ್ ಬಳಸಬೇಡಿ, ಅವರ ವಿಡಿಯೋದ ಒಂದು ತುಣುಕೂ ಬೇಡ, ಹೊಸದಾಗಿ ಬಾರಿಸಿರಿ. ಅವರು ಮಾತ್ರ ನಿಮ್ಮನ್ನು ಕೇಳದೆ ಎರಡನೇ ಸಲ ಹಾಡಿಸುವಂತಿರಲಿಲ್ಲ. ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿ ಮುದ್ರಿಸುವ ಕವರ್ ಹಾಡಿಗೆ ಕಾಯ್ದೆಯಲ್ಲೇ ದಾರಿ ಇದೆ ಎಂದು ಅವರ ವಕೀಲರು ಹೇಳಬಹುದು. ಆ ದಾರಿ ತೆರೆಯುವುದು ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷಗಳಾದ ಮೇಲೆ, ಮುಂಚಿತ ನೋಟಿಸು ಕೊಟ್ಟು, ರಾಯಲ್ಟಿ ಕಟ್ಟಿದ ಮೇಲೆ. ಇವರ ಹಾಡಿಗೆ ಇನ್ನೂ ಹತ್ತು ತಿಂಗಳು ತುಂಬಿರಲಿಲ್ಲ.

ಹೊಸ ರೆಕಾರ್ಡಿಂಗಿಗೆ ಮುಂಚೆ ಒಂದು ಕಾಗದ ಮಾಡೋಣ ಎಂದೆ. ಬಾಂಡ್ ಪೇಪರೇ ಬೇಕಾಗಿರಲಿಲ್ಲ, ಅವರ ಸಮಾಧಾನಕ್ಕೆ ಮರುದಿನ ತರಿಸಿದರಾಯಿತು ಎಂದು ಮೊದಲು ಬಿಳಿ ಹಾಳೆಯ ಮೇಲೆ ಬರೆಯಲು ಕೂತೆ. ಸಾಹಿತ್ಯ ಇವನದು, ಧಾಟಿ ಅವನದು. ರೆಕಾರ್ಡಿಂಗು ಇಬ್ಬರದು, ಖರ್ಚು ಅರ್ಧ ಅರ್ಧ. ಚಾನೆಲ್ಲು ಅಣ್ಣಿಗೇರಿಯವನ ಹೆಸರಿನಲ್ಲಿ ಇರಲಿ, ಪಾಸ್‌ವರ್ಡು ಇಬ್ಬರ ಬಳಿಯೂ ಇರಲಿ. ಬಂದ ರೊಕ್ಕದ ಹಂಚಿಕೆ, ಮೂರನೆಯವರಿಗೆ ಕೊಡುವಾಗ ಇಬ್ಬರ ಸಹಿ, ಒಬ್ಬ ಬಿಟ್ಟುಹೋದರೆ ಏನು ಎಂಬುದು. ಇದೆಲ್ಲ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೊನೇ ನುಡಿಯಲ್ಲಿ ಇಬ್ಬರ ಹೆಸರೂ ಇರತಕ್ಕದ್ದು, ಯಾವ ಕಾಲಕ್ಕೂ ತೆಗೆಯತಕ್ಕದ್ದಲ್ಲ ಎಂಬ ಸಾಲನ್ನು ಬರೆದವ ತಾನೇ ಎದ್ದುನಿಂತು ಹೇಳಿ ಬರೆಸಿದ.

ಸಿಕ್ಕಿಬಿದ್ದದ್ದು ಪಲ್ಲವಿಯಲ್ಲಿ. ಹಾಡು ಓಡಿದ್ದೇ ಆ ಎರಡು ಸಾಲಿನಿಂದ. ಅದು ಹುಟ್ಟಿದ್ದು ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ, ರಾತ್ರಿಯ ಕೊನೇ ಬಸ್ಸು ತಪ್ಪಿಸಿಕೊಂಡಾಗ. ಒಬ್ಬ ಗುನುಗಿದ, ಇನ್ನೊಬ್ಬ ಮಾತು ಹಾಕಿದ. ಆ ಮಾತಿಗೆ ಮೊದಲಿನವ ಒಂದು ಪದ ತಿರುಗಿಸಿದ, ಅದಕ್ಕೆ ಧಾಟಿ ಬಾಗಿತು. ಬಾಗಿದ ಧಾಟಿಗೆ ಎರಡನೇ ಸಾಲು ಯಾರ ಬಾಯಿಂದ ಬಂತು?

"ನೀ ಅಂದೀಯಲ್ಲೋ, ಆ ಕಲ್ಲಿನ ಕಟ್ಟಿ ಮ್ಯಾಲ ಕುಂತು" ಎಂದ ಬರೆದವ.

"ನಾ ಬರೇ 'ಹೂಂ ಹೂಂ' ಅಂದೆ. ಮಾತ ನೀನ ಹಾಕಿದಿ."

"ಇಲ್ಲೋ, ಚಹಾದಂಗಡಿಯಾಂವ ಬಾಗಲಾ ಹಾಕೂಮುಂದ ನೀ ಅಂದಿ."

ಬೆಳಗಿನಿಂದ ಅವರು ನೇರವಾಗಿ ಆಡಿದ ಮೊದಲ ಮಾತುಗಳು ಇವು. ಅರ್ಧ ಗಂಟೆ ವಾದ ಮಾಡಿದರು, ಇಬ್ಬರೂ ಆ ಸಾಲು ಇನ್ನೊಬ್ಬನದು ಎಂದು. ವಾಯ್ಸ್ ನೋಟಿನಲ್ಲೂ ಅದು ಇರಲಿಲ್ಲ, ಆ ರಾತ್ರಿ ಮೊಬೈಲಿನ ಚಾರ್ಜು ಹೋಗಿತ್ತಂತೆ. ನಾನು ಹಾಳೆಯಲ್ಲಿ ಪಲ್ಲವಿ ಎಂದು ಬೇರೆ ಗೆರೆ ಎಳೆದು, ಅದರ ಸಾಹಿತ್ಯದ ಮುಂದೆ ಇಬ್ಬರ ಹೆಸರೂ ಬರೆದು 'ಜಂಟಿ' ಎಂದು ಹಾಕಿದೆ. ಮೊದಲು ಯಾರ ಹೆಸರು ಬರಬೇಕೆಂದು ಕೇಳಿದ್ದಕ್ಕೆ ಬರೆದವ ಮೊಬೈಲಿನಲ್ಲಿ ಮೊದಲನೇ ವಿಡಿಯೋ ಮತ್ತೆ ಹಚ್ಚಿ, ಕೊನೇ ನುಡಿಗೆ ಓಡಿಸಿ, ಅದರಲ್ಲಿದ್ದ ಹಾಗೇ ಇರಲಿ ಎಂದ.